ಬಿಡು ಅನ್ನಬಾರದು

ನಮ್ಮ ಶಾಲೆಯ ವೈಸ್ ಪ್ರಿನ್ಸಿಪಾಲರಿಗೆ ಒಂದು ಅಭ್ಯಾಸವಿದೆ. ಯಾವ ಕೋಣೆಗೆ ಬಂದರೂ ಮಾತಾಡುವ ಮೊದಲು ಸಾಲು ತಪ್ಪಿದ ಬೆಂಚೊಂದನ್ನು ಹುಡುಕಿ, ಮೊಣಕಾಲಿನಿಂದ ಮೆಲ್ಲಗೆ ಒತ್ತಿ, ಸಾಲಿಗೆ ಸೇರಿಸುತ್ತಾರೆ. ಕೈ ಬಳಸುವುದಿಲ್ಲ, ಕೈಗಳು ಬೆನ್ನ ಹಿಂದೆ ಇರುತ್ತವೆ. ಬೆಂಚು ನೆಟ್ಟಗಾದ ಮೇಲೆ "ಸಬ್ ಕುಛ್ ಅಪ್ನೀ ಜಗಹ್" ಎನ್ನುತ್ತಾರೆ. ಎಲ್ಲವೂ ತನ್ನ ತನ್ನ ಜಾಗದಲ್ಲಿರಬೇಕು. ಗುಡ್ ಮಾರ್ನಿಂಗ್ ಏನಿದ್ದರೂ ಆಮೇಲೆ.

ನಾನು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಬಲ ಮತ್ತು ಚಲನೆಯ ನಿಯಮಗಳನ್ನು ಕಲಿಸುತ್ತೇನೆ. ಅಂದರೆ ವಸ್ತುಗಳನ್ನು ಅವುಗಳ ಜಾಗದಿಂದ ಕದಲಿಸುವುದೇ ನನ್ನ ಪಾಠ. ಇಂಥ ಇಬ್ಬರು ಒಂದೇ ಕಟ್ಟಡದಲ್ಲಿದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನಾಗಿ ಏನೂ ಮಾಡಬೇಕಾಗಿಲ್ಲ.

ಶಾಲೆ ಇರುವುದು ಫರೀದಾಬಾದಿನಲ್ಲಿ. ನಾನು ಮೈಸೂರಿನವಳು, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಹಿಂದಿ ಅರ್ಧಂಬರ್ಧ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ನನ್ನ ದನಿ ಮೂರನೇ ಬೆಂಚು ದಾಟುವುದಿಲ್ಲ. ಮೊದಲ ಕೆಲವು ವಾರ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದೆ. ಹಿಂದಿನ ಬೆಂಚಿನವರು ನನ್ನನ್ನು ಟಿವಿಯ ಸೌಂಡ್ ಬಂದ್ ಮಾಡಿ ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ ಮಾತು ಕಡಿಮೆ ಮಾಡಿ ಅವರ ಕೈಗೇ ವಸ್ತುಗಳನ್ನು ಕೊಡತೊಡಗಿದೆ. ಬಲೂನು, ಹಗ್ಗ, ಗೋಲಿ, ಲೋಟ. ಗುರುವಾರ ಎರಡು ಪಿರಿಯಡ್ ಒಟ್ಟಿಗೆ, ಖಾಲಿ ಹಾಲ್‌ನಲ್ಲಿ. ಅಂದಿನಿಂದ ಕೊನೇ ಬೆಂಚಿಗೂ ನಾನು ಕೇಳಿಸತೊಡಗಿದೆ.

ವಿ.ಪಿ. ಸರ್ ಕರೆದು ಹೇಳಿದರು: "ಈ ಟರ್ಮ್ ಮುಗಿಯೋವರೆಗೂ ನೋಡೋಣ. ಗದ್ದಲ ಆದರೆ ಗುರುವಾರ ಬಂದ್. ಚಾಕ್‌ಪೀಸು, ಬೋರ್ಡು, ಅಷ್ಟೇ."

"ಸರಿ ಸರ್" ಅಂದೆ. ಗುರುವಾರವನ್ನು ಬಿಟ್ಟುಕೊಡಲ್ಲ ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಅದೂ ಮೂರನೇ ಬೆಂಚು ದಾಟಲಿಲ್ಲ.

ಬಲೂನು

ಒಂದು ದಿನ ಕ್ಲಾಸ್‌ರೂಮಿನಲ್ಲೇ ಕಿಟಕಿಯಿಂದ ಬಾಗಿಲಿಗೆ ದಾರ ಕಟ್ಟಿ, ದಾರಕ್ಕೆ ಸ್ಟ್ರಾ ಪೋಣಿಸಿ, ಸ್ಟ್ರಾಗೆ ಊದಿದ ಬಲೂನು ಅಂಟಿಸಿದ್ದೆವು. ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ಹಿಡಿದುಕೊಂಡಿದ್ದ ಹುಡುಗನಿಗೆ ನಾನು ಹಿಂದಿಯಲ್ಲಿ "ಛೋಡೋ" ಅಂದೆ.

ಬಲೂನು ಎಂಥ ಸದ್ದು ಮಾಡಿಕೊಂಡು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಿಂದಿನಿಂದ ಒಬ್ಬ ಗಂಭೀರವಾಗಿ ಕೇಳಿದ: "ಕಿಸ್ನೇ ಛೋಡಾ?"

ಯಾರು ಬಿಟ್ಟಿದ್ದು. ಕ್ಲಾಸು ಮುಗಿಯಿತು ಅಂತಲೇ ಲೆಕ್ಕ. ನಾನು ಡಿಕ್ಷನರಿಯ ಛೋಡೋ ಹೇಳಿದ್ದೆ, ಅವರು ಮಧ್ಯಾಹ್ನದ ಛೋಲೆ ಭಟೂರೆಯ ನಂತರದ ಛೋಡೋ ಕೇಳಿಸಿಕೊಂಡಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ವಿ.ಪಿ. ಸರ್ ಮೊಣಕಾಲು ಕಂಡಿತು. ಬೆಂಚು ನೆಟ್ಟಗೆ ಮಾಡಿ, ಏನಾಯಿತು ಅಂತ ಕೇಳಿದರು. ಕೊನೆಗೆ ಮೊದಲ ಬೆಂಚಿನ ಹುಡುಗ ಎದ್ದು ನಿಂತ.

"ಸರ್, ಗ್ಯಾಸ್ ಜೋರಾಗಿ ಹಿಂದಕ್ಕೆ ಹೋದರೆ ಬಾಡಿ ಮುಂದಕ್ಕೆ ಹೋಗುತ್ತೆ. ಥರ್ಡ್ ಲಾ."

ಉತ್ತರದಲ್ಲಿ ತಪ್ಪಿರಲಿಲ್ಲ. ವಿ.ಪಿ. ಸರ್ ಎಲ್ಲ ಕಿಟಕಿಗಳನ್ನೂ ತೆರೆದು ಹೋದರು.

ಅವತ್ತಿನಿಂದ ನಾನು ಛೋಡೋ ಬಿಟ್ಟೆ. ಅದರ ಬದಲು ಕನ್ನಡದಲ್ಲಿ "ಬಿಡು" ಅನ್ನತೊಡಗಿದೆ. ಆ ಇನ್ನೊಂದು ಅರ್ಥ ಕನ್ನಡದ ಬಿಡುವಿಗೂ ಇದೆ, ಆದರೆ ಅದು ಕ್ಲಾಸಿನಲ್ಲಿ ಯಾರಿಗೆ ಗೊತ್ತು ಎಂಬ ಧೈರ್ಯ. ಗೊತ್ತಿದ್ದವಳು ಒಬ್ಬಳೇ, ಅಪ್ಪ ಸೈನ್ಯದಲ್ಲಿರುವ ಕೊಡಗಿನ ಹುಡುಗಿ. ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಾನು ಮೊದಲ ಸಲ ಬಿಡು ಅಂದಾಗ ಅವಳು ತುಟಿ ಕಚ್ಚಿ ಕಿಟಕಿಯ ಕಡೆ ನೋಡಿದಳು.

ದಾಲ್

ಜಡತ್ವದ ಪಾಠಕ್ಕೆ, ಲೋಟದ ಕೆಳಗಿನ ಬಟ್ಟೆಯನ್ನು ಸರಕ್ಕನೆ ಎಳೆಯುವ ಪ್ರಯೋಗ. ಬಟ್ಟೆ ಬರುತ್ತದೆ, ಲೋಟ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಮಾಡುವವರು ಖಾಲಿ ಸ್ಟೀಲ್ ಲೋಟದಲ್ಲೇ ಮಾಡಿ ಅಂತ ಹೇಳಿದ್ದೆ. ಒಬ್ಬ ಮಾತ್ರ ನೆಂಟರು ಊಟಕ್ಕೆ ಕೂತಿದ್ದಾಗ ಮಾಡಿದ. ಸಂಜೆ ಅವನ ಅಮ್ಮನ ಫೋನ್ ಬಂತು.

"ಮ್ಯಾಮ್, ಇದೇನು ಕಲಿಸ್ತಿದ್ದೀರಿ ನೀವು? ನನ್ನ ನಾದಿನಿಯ ಸೀರೆ ಮೇಲೆ ಪೂರ್ತಿ ದಾಲ್."

ಫೋನಿನಲ್ಲಿ ಹಲೋಗಿಂತ ಮೊದಲು ಸಾರಿ ಹೇಳುವವಳು ನಾನು. ಅವತ್ತು ಯಾಕೋ ಹೇಳಲಿಲ್ಲ. "ಅವನು ಸರಕ್ಕನೆ ಎಳೆದನಾ, ನಿಧಾನವಾಗಿ ಎಳೆದನಾ?" ಅಂತ ಕೇಳಿದೆ.

"ಶುರುವಲ್ಲಿ ಜೋರಾಗೇ ಎಳೆಯೋಕೆ ಹೋದ. ನಾನೇ ಕೂಗಿದೆ, ಆರಾಮ್ ಸೇ ಬೇಟಾ, ಆರಾಮ್ ಸೇ ಅಂತ."

"ಅದಕ್ಕೇ ಬಿದ್ದಿದ್ದು ಮ್ಯಾಮ್. ನೀವು ಸುಮ್ಮನಿದ್ದಿದ್ದರೆ ದಾಲ್ ಅಲ್ಲೇ ಇರ್ತಿತ್ತು."

ವಿ.ಪಿ. ಸರ್‌ಗೆ ದೂರು ಹೋಗುತ್ತದೆ, ನನ್ನ ಗುರುವಾರ ಮುಗಿಯಿತು ಅಂದುಕೊಂಡೆ. ಆಮೇಲೆ ಅವರ ದನಿ ತಗ್ಗಿತು, ಪಕ್ಕದ ಕೋಣೆಗೆ ಹೋದರು ಅನಿಸುತ್ತದೆ.

"ಅಂದರೆ, ನಿಧಾನ ಎಳೆದರೆ ಪ್ರತಿ ಸಲವೂ ಬೀಳುತ್ತೆ, ಅಲ್ವಾ? ನಾದಿನಿ ಭಾನುವಾರ ಮತ್ತೆ ಬರ್ತಿದ್ದಾರೆ."

ಮೆಟ್ರೋ ಆಂಟಿ

ಟೆಸ್ಟಿನಲ್ಲಿ, ಚಲನೆಯ ನಿಯಮಗಳಿಗೆ ನಿಮ್ಮ ಜೀವನದಿಂದ ಉದಾಹರಣೆ ಕೊಡಿ ಅಂತ ಕೇಳಿದ್ದೆ. ಒಬ್ಬ ಬರೆದಿದ್ದ: "ಮೆಟ್ರೋ ಬ್ರೇಕ್ ಹಾಕಿತು. ಆಂಟಿ ನಿಲ್ಲಲಿಲ್ಲ, ನನ್ನ ಮೇಲೆ ಬಂದರು. ಇದು ಮೊದಲ ನಿಯಮ. ನಾನು ಆಂಟಿಯನ್ನು ನೋಡಿದೆ. ಆಂಟಿ ಅಷ್ಟೇ ಜೋರಾಗಿ ನನ್ನನ್ನು ನೋಡಿದರು. ಇದು ಮೂರನೇ ನಿಯಮ."

ಮೊದಲನೆಯದಕ್ಕೆ ಪೂರ್ತಿ ಅಂಕ, ಎರಡನೆಯದಕ್ಕೆ ಅರ್ಧ ಕೊಟ್ಟೆ. ವಿ.ಪಿ. ಸರ್ ಉತ್ತರ ಪತ್ರಿಕೆಗಳನ್ನು ತಿರುವಿ ಹಾಕುತ್ತಾ ಆ ಉತ್ತರಕ್ಕೆ ಬಂದು ನಿಂತರು.

"ಮ್ಯಾಡಮ್, ನೋಟ ಒಂದು ಬಲವಾ? ಈ ಅರ್ಧ ತೆಗೀರಿ."

ನಾನೂ ದಿನಾ ಅದೇ ಮೆಟ್ರೋದಲ್ಲಿ ಬರುವವಳು. ಲೇಡೀಸ್ ಕೋಚಿನಲ್ಲಿ ಒಬ್ಬ ಆಂಟಿ ಕೇವಲ ನೋಟದಿಂದ ನನ್ನನ್ನು ಸೀಟಿನಿಂದ ಎಬ್ಬಿಸಿ, ಕಂಬದ ತನಕ ಸರಿಸಿದ್ದಾರೆ.

"ನಾನು ಕದಲಿದ್ದೇನೆ ಸರ್" ಅಂದೆ. ಅರ್ಧ ಅಂಕ ಕದಲಲಿಲ್ಲ.

ಭಿಡು

ಒಂದು ದಿನ ಆಫೀಸಿಗೆ ಕರೆ ಬಂತು. ವಿ.ಪಿ. ಸರ್ ಪೇಪರ್‌ವೆಯ್ಟನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟು ಕೇಳಿದರು.

"ಮ್ಯಾಡಮ್, ನೀವು ಮಕ್ಕಳನ್ನು ಭಿಡು ಅಂತ ಕರೀತೀರಂತೆ."

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಮುಂಬೈ ಕಡೆಯ ಗಲ್ಲಿ ಹಿಂದಿಯಲ್ಲಿ ಭಿಡು ಅಂದರೆ ದೋಸ್ತ್, ಸಿನಿಮಾದ ರೌಡಿಗಳು ಒಬ್ಬರನ್ನೊಬ್ಬರು ಕರೆಯುವುದು ಹಾಗೆ. ಹಗ್ಗ ಹಿಡಿದವನಿಗೆ, ಗೋಲಿ ಹಿಡಿದವನಿಗೆ ನಾನು "ಬಿಡು, ಬಿಡು" ಅಂದಾಗಲೆಲ್ಲ ಇಡೀ ಕ್ಲಾಸು, ಈ ಮೆಲುದನಿಯ ಮ್ಯಾಮ್ ನಮ್ಮನ್ನು ಎಷ್ಟು ಪ್ರೀತಿಯಿಂದ ಕರೀತಾರೆ ಅಂದುಕೊಂಡಿತ್ತು. ಒಬ್ಬ ಮನೆಗೆ ಹೋಗಿ ತಾತನಿಗೇ "ಕ್ಯಾ ಭಿಡು" ಅಂದನಂತೆ. ಕೇಳಿದರೆ, ಶಾಲೆಯಲ್ಲಿ ಕಲಿಸಿದ್ದಾರೆ ಅಂದನಂತೆ. ಅಪ್ಪ ಆಫೀಸಿಗೆ ಬಂದು ದೂರು ಕೊಟ್ಟಿದ್ದರು.

"ಸರ್, ಅದು ಕನ್ನಡ" ಅಂದೆ. ದನಿ ಮೇಜು ದಾಟಿದ್ದೇ ಹೆಚ್ಚು.

"ಸಾಕ್ಷಿ?"

ಕೊಡಗಿನ ಹುಡುಗಿಯನ್ನು ಕರೆಸಿದರು. ಅವಳು ಅಟೆನ್ಶನ್‌ನಲ್ಲಿ ನಿಂತು ಸ್ಪಷ್ಟವಾಗಿ ಹೇಳಿದಳು: "ಸರ್, ಬಿಡು ಮತ್ಲಬ್ ಛೋಡೋ."

ವಿ.ಪಿ. ಸರ್ ಮುಖದಲ್ಲಿ ಬಲೂನಿನ ದಿನ ತೆರೆದ ಕಿಟಕಿಗಳೆಲ್ಲ ಒಂದೊಂದಾಗಿ ಹಾದುಹೋದವು.

"ಈ ಶಬ್ದ ಇನ್ನು ಮುಂದೆ ನಮ್ಮ ಶಾಲೆಯಲ್ಲಿ ಕೇಳಿಸಬಾರದು" ಅಂದರು.

"ಆಗಲ್ಲ ಸರ್."

ಇದನ್ನು ಹೇಳಿದ್ದು ಯಾರು ಅಂತ ನಾನೂ ಸುತ್ತ ನೋಡಿದೆ. ನಾನೇ. ಹೇಳಿದ ಮೇಲೆ ಇನ್ನೇನು ಅಂತ ಮುಂದುವರಿಸಿದೆ: "ಹಿಂದಿಯಲ್ಲಿ ಹೇಳಿದರೆ ನಗ್ತಾರೆ. ಕನ್ನಡದಲ್ಲಿ ಹೇಳಿದರೆ ಬಿಡ್ತಾರೆ. ನನಗೆ ಬಿಡೋದು ಬೇಕು ಸರ್."

"ಇಂಗ್ಲಿಷಿನಲ್ಲಿ ಹೇಳಿ. ರಿಲೀಸ್."

"ಹೇಳಿ ನೋಡಿದ್ದೇನೆ. ಯಾವ ಪಿಕ್ಚರ್ ಅಂತ ಕೇಳ್ತಾರೆ."

ಕುರ್ಚಿ

ಮಾತು ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಗುರುವಾರ ತಾವೇ ಬಂದು ನೋಡುವುದಾಗಿಯೂ, ಹಾಲ್ ಇರಬೇಕೋ ಬೋರ್ಡ್ ಇರಬೇಕೋ ಅವತ್ತೇ ತೀರ್ಮಾನವಾಗುವುದಾಗಿಯೂ ವಿ.ಪಿ. ಸರ್ ಹೇಳಿದರು. ಸಹೋದ್ಯೋಗಿಯೊಬ್ಬರು, ಅವತ್ತು ಸುಮ್ಮನೆ ಗೋಲಿ ಉರುಳಿಸಿ ಮುಗಿಸಿಬಿಡಿ ಅಂದರು. ನಾನು ಕಂಪ್ಯೂಟರ್ ಲ್ಯಾಬಿನಿಂದ ಕಾಲಿಗೆ ಗಾಲಿಗಳಿರುವ ಕುರ್ಚಿಯೊಂದನ್ನು ತರಿಸಿದೆ.

ಕುರ್ಚಿಯ ಎರಡೂ ಕೈಗಳಿಗೆ ಹಗ್ಗ. ಆ ಕಡೆ ಆರು ಮಕ್ಕಳು, ಈ ಕಡೆ ಆರು. ಎರಡೂ ಗೋಡೆಗೆ ಪಿ.ಟಿ. ರೂಮಿನ ಹಾಸಿಗೆಗಳನ್ನು ಆನಿಸಿದ್ದೆ. ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಒಂದು, ಎರಡೂ ಕಡೆಯವರು ಸಮನಾಗಿ ಎಳೆಯುವುದು. ಎರಡು, ಒಂದು ಕಡೆಯವರು ಹಗ್ಗ ಬಿಡುವುದು. ಕುರ್ಚಿಯಲ್ಲಿ ಕೂರಲು ಕೊಡಗಿನ ಹುಡುಗಿ ತಯಾರಾಗಿದ್ದಳು.

ವಿ.ಪಿ. ಸರ್ ಬಂದರು. ಹಾಲ್‌ನಲ್ಲಿ ಬೆಂಚುಗಳೇ ಇಲ್ಲ. ನಡುವೆ ಓರೆಯಾಗಿ ನಿಂತ ಕುರ್ಚಿ ಕಂಡಿತು. ಹೋಗಿ ಮೊಣಕಾಲಿನಿಂದ ಮೆಲ್ಲಗೆ ಒತ್ತಿದರು. ಕುರ್ಚಿ ಜಾರಿ ಆ ಕಡೆ ಹೋಯಿತು. ಹಿಂದೆಯೇ ಹೋಗಿ ಮತ್ತೆ ಒತ್ತಿದರು. ಈ ಕಡೆ ಬಂತು. ಕೈಗಳು ಇನ್ನೂ ಬೆನ್ನ ಹಿಂದೆಯೇ. ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದರು. ಮೂರನೇ ಸಲ ಅದು ಅವರನ್ನು ಬಿಟ್ಟು ದೂರ ಹೊರಟಾಗ, ಅದನ್ನು ತನ್ನ ಜಾಗದಲ್ಲಿ ನಿಲ್ಲಿಸಲು ಇದೊಂದೇ ದಾರಿ ಎಂಬಂತೆ, ವಿ.ಪಿ. ಸರ್ ಅದರ ಮೇಲೆ ಕೂತುಬಿಟ್ಟರು.

"ಈಗ ಅಲುಗಾಡಲ್ಲ" ಅಂದರು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾತು ಬರುತ್ತಿರಲಿಲ್ಲ. "ಸರ್, ಕಾಲು ಸ್ವಲ್ಪ ಮೇಲೆತ್ತಿ."

ಎತ್ತಿದರು. ಹನ್ನೆರಡು ಮಕ್ಕಳು ಹಗ್ಗ ಹಿಡಿದು, ಹಿಂದಕ್ಕೆ ವಾಲಿ, ಹಲ್ಲು ಕಚ್ಚಿ ಎಳೆದರು. ಕುರ್ಚಿ ಕದಲಲಿಲ್ಲ. ಹಾಲ್‌ನಲ್ಲಿ ಹಗ್ಗದ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಹಾಗಾಗಿ ನನ್ನ ದನಿ ಕೊನೆಯ ಗೋಡೆಯ ತನಕ ಹೋಯಿತು.

"ನೋಡಿ, ಸರ್ ಅಲುಗಾಡ್ತಿಲ್ಲ. ಹಾಗಂತ ಅವರ ಮೇಲೆ ಬಲ ಇಲ್ಲ ಅಂತಲ್ಲ. ಎರಡೂ ಕಡೆ ಇದೆ, ಸಮನಾಗಿದೆ, ಅಷ್ಟೇ."

ವಿ.ಪಿ. ಸರ್ ಮುಖ ಅರಳಿತು. ಅವರ ಇಡೀ ಜೀವನದ ನಂಬಿಕೆಯನ್ನು ಯಾರೋ ಮೊದಲ ಸಲ ಭೌತಶಾಸ್ತ್ರದಲ್ಲಿ ಹೇಳಿದ್ದರು. "ಬಿಲ್ಕುಲ್" ಅಂದರು. "ಸಬ್ ಕುಛ್ ಅಪ್ನೀ ಜಗಹ್. ಬಹಳ ಚೆನ್ನಾಗಿದೆ ಮ್ಯಾಡಮ್, ಇದರಲ್ಲಿ ಗದ್ದಲವೇ ಇಲ್ಲ."

ಆಗ ಅವರ ಕಣ್ಣು ಬೋರ್ಡಿನ ಕಡೆ ಹೋಯಿತು. ಒಂದನೇ ಸಾಲು ಓದಿ ತಲೆಯಾಡಿಸಿದರು. ಎರಡನೇ ಸಾಲು ಓದಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆಯ ಮಕ್ಕಳು ಅವರನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊಡಗಿನ ಹುಡುಗಿ ತುಟಿ ಕಚ್ಚಿಕೊಂಡಿದ್ದಳು.

ವಿ.ಪಿ. ಸರ್ ಬೆನ್ನ ಹಿಂದಿನ ಕೈಗಳನ್ನು ಅವತ್ತು ಮೊದಲ ಬಾರಿಗೆ ಮುಂದಕ್ಕೆ ತಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮೂರನೇ ಬೆಂಚು ದಾಟದಂಥ ದನಿಯಲ್ಲಿ ಹೇಳಿದರು:

"ಮ್ಯಾಡಮ್, ಗುರುವಾರ ನಿಮ್ಮದೇ. ವರ್ಷಪೂರ್ತಿ ನಿಮ್ಮದೇ. ಆ ಒಂದು ಶಬ್ದ ಮಾತ್ರ ಈಗ ಹೇಳಬೇಡಿ, ಪ್ಲೀಸ್."