ಟಗರಿನ ಸರಳ ರೂಪ

ಕೆಲವರಿಗೆ ಇಲ್ಲದ್ದನ್ನು ಸೇರಿಸಿ ಹೇಳುವ ಚಟವಿರುತ್ತದೆ. ನನ್ನದು ಇರುವುದನ್ನು ಬಿಟ್ಟು ಹೇಳುವ ಸ್ವಭಾವ. ಊರಿಂದ ಫೋನ್ ಬಂದರೆ "ಎಲ್ಲರೂ ಚೆನ್ನಾಗಿದ್ದಾರಂತೆ" ಎಂದಷ್ಟೇ ಹೆಂಡತಿಗೆ ಹೇಳಿ ಪೇಪರು ಹಿಡಿಯುತ್ತೇನೆ. ಅವಳು ತಿರುಗಿ ಫೋನ್ ಮಾಡಿದರೆ, ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದದ್ದು, ಅವರ ಮಗನ ನಿಶ್ಚಿತಾರ್ಥ ಮುರಿದದ್ದು, ಎಮ್ಮೆ ಕರು ಹಾಕಿದ್ದು ಎಲ್ಲ ಹೊರಗೆ ಬರುತ್ತದೆ. "ಇದನ್ನೆಲ್ಲ ನಿಮಗೂ ಹೇಳಿದ್ರಂತಲ್ಲ?" ಎಂದು ಅವಳು ಕೇಳಿದಾಗ, "ಒಟ್ಟಿನಲ್ಲಿ ಚೆನ್ನಾಗಿದ್ದಾರಲ್ಲ" ಎನ್ನುತ್ತೇನೆ. ದೇವರು ನನಗೆ ಕೊಟ್ಟ ಉದ್ಯೋಗವೂ ಇಂಥದ್ದೇ.

ಹೊಸದುರ್ಗದಲ್ಲಿ ಮಂಜಣ್ಣ ಎಂಬವರ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಮಾಡುವವನು ನಾನು. ಗೇಟು, ಟ್ರೇಲರು, ಶೆಡ್ಡು, ಏನೇ ಆಗಲಿ ಮೊದಲು ಪರದೆಯ ಮೇಲೆ ಎದ್ದು ನಿಲ್ಲಬೇಕು, ಕಬ್ಬಿಣ ಕೊಯ್ಯುವುದು ಆಮೇಲೆ. ಬೋಲ್ಟಿನ ಒಂದೊಂದು ಸುತ್ತನ್ನೂ ಕೊರೆದು ತೋರಿಸಬಹುದು. ಆದರೆ ಅಂಥ ಬೋಲ್ಟುಗಳೆಲ್ಲ ಒಂದು ಟ್ರೇಲರಿನಲ್ಲಿ ಸೇರಿದವೋ, ನಮ್ಮ ಹಳೇ ಕಂಪ್ಯೂಟರು ಏದುಸಿರು ಬಿಟ್ಟು ನಿಂತುಬಿಡುತ್ತದೆ. ಅದಕ್ಕೇ ಸಾಫ್ಟ್‌ವೇರಿನವರು ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ಒಂದೇ ಭಾಗಕ್ಕೆ ಎರಡು ರೂಪ ಇಟ್ಟುಕೊಳ್ಳಬಹುದು: ಪೂರ್ಣ ರೂಪ, ಸರಳ ರೂಪ. ಸರಳ ರೂಪದಲ್ಲಿ ಬೋಲ್ಟ್ ಅಂದರೆ ಬರೀ ಒಂದು ಕಡ್ಡಿ. ದಿನದ ಕೆಲಸಕ್ಕೆ ಸರಳವನ್ನು ಇಟ್ಟುಕೊಂಡು, ಕಬ್ಬಿಣಕ್ಕೆ ಕೈ ಹಾಕುವ ಮುಂಚೆ ಒಮ್ಮೆ ಪೂರ್ಣವನ್ನು ತೆರೆದು ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡಬೇಕು. ಇಷ್ಟೇ ನಿಯಮ.

ಬಾಗೂರಿನ ತಿಪ್ಪಮ್ಮ ಕುರಿಗಳಿಗೆ ಮೇವು ಹಾಕಲು ಕಬ್ಬಿಣದ ಗೋದಲಿ ಬೇಕೆಂದು ಬಂದದ್ದು ಹೋದ ಬೇಸಿಗೆಯಲ್ಲಿ. ಕುರಿಗಳು ಮೇವಿನ ಮೇಲೇ ಹತ್ತಿ ತುಳಿಯುತ್ತವೆ, ಕಂಬಿಗಳ ಸಂದಿಯಿಂದ ತಲೆ ಮಾತ್ರ ತೂರುವಂತಿರಬೇಕು ಎಂದರು. ಮಂಜಣ್ಣನವರಿಗೆ ಹುರುಪು ಬಂತು. "ಇದನ್ನ ಚಲೋ ಮಾಡಿದ್ರೆ ಹಿರಿಯೂರು, ಹೊಳಲ್ಕೆರೆ ಕಡೆಯೋರೂ ಬರ್ತಾರೆ. ನಕ್ಷೆಯೊಳಗೆ ಕುರೀನೂ ನಿಲ್ಸ್ರಿ" ಎಂದರು.

ನಾನು ಟೇಪು ಹಿಡಿದು ಬಾಗೂರಿಗೆ ಹೋದೆ. ತಿಪ್ಪಮ್ಮನ ಮಂದೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಗೌಡ ಎಂಬ ಟಗರು. ಹುಟ್ಟಿದಾಗಲೇ ತಾಯಿ ಸತ್ತು, ತಿಪ್ಪಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಎರಡೂ ಕೊಂಬು ಕಿವಿಯ ಹಿಂದೆ ಸುತ್ತಿ, ತುದಿ ಮತ್ತೆ ಕೆನ್ನೆಯ ಕಡೆಗೆ ಬಂದಿದ್ದವು. ಮಂದೆ ಹೊರಟರೆ ಅದೇ ಮುಂದೆ. "ಸಾಹೇಬ್ರು ಅಂಗಿ ಹೊಲಿಸ್ತಾರಂತೆ, ಸುಮ್ಕೆ ನಿಂತ್ಕಳಲೇ" ಎಂದು ತಿಪ್ಪಮ್ಮ ಅದರ ಗದ್ದ ಹಿಡಿದುಕೊಂಡರು. ನಾನು ಕೊಂಬಿನ ಸುತ್ತಳತೆಯನ್ನೂ ಬಿಡದೆ ಬರೆದುಕೊಂಡೆ.

ಆ ಕೊಂಬುಗಳನ್ನು ಪರದೆಯ ಮೇಲೆ ತರುವುದರಲ್ಲಿ ನನಗೆ ಸಿಕ್ಕ ಸುಖ ಯಾವ ಗೇಟಿನಲ್ಲೂ ಸಿಕ್ಕಿರಲಿಲ್ಲ. ಅವುಗಳ ಮೇಲಿನ ಗೀರುಗಳನ್ನೂ ಬಿಡಲಿಲ್ಲ. ಆದರೆ ಅಂಥ ಟಗರುಗಳನ್ನು ಗೋದಲಿಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದ್ದೇ ತಡ, ಕಂಪ್ಯೂಟರು ಅಲ್ಲಾಡದೆ ಕೂತಿತು. ಸರಿ, ಸರಳ ರೂಪ ಮಾಡಿದೆ: ಮೈಗೆ ಒಂದು ಪೆಟ್ಟಿಗೆ, ಕಾಲಿಗೆ ನಾಲ್ಕು ಪೈಪು, ತಲೆಗೆ ಒಂದು ಚೆಂಡು. "ಇದೇನ್ರೀ, ಟಿವಿ ಸ್ಟ್ಯಾಂಡಾ?" ಎಂದರು ಮಂಜಣ್ಣ. ಚೆಂಡು ಕಂಬಿಗಳ ಮಧ್ಯೆ ಸಲೀಸಾಗಿ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ಕಬ್ಬಿಣ ಬಂದು ಇಳಿಯಿತು, ಕೊಯ್ಯುವವರು ಕಾದು ನಿಂತರು, ಮಂಜಣ್ಣ ಬಾಗಿಲಲ್ಲಿ ನಿಂತು "ಆತೇನ್ರಿ?" ಎಂದರು. ಪೂರ್ಣ ರೂಪ ತೆರೆಯಲು ಹೊರಟಿದ್ದವನು "ಆಯ್ತು ಸಾರ್" ಎಂದುಬಿಟ್ಟೆ.

ಗೋದಲಿಯನ್ನು ಲಗೇಜ್ ಆಟೋದಲ್ಲಿ ಬಾಗೂರಿಗೆ ಒಯ್ದು ಇಳಿಸಿದ ದಿನ ನಾನೂ ಮಂಜಣ್ಣನವರೂ ಜೊತೆಗಿದ್ದೆವು. ತಿಪ್ಪಮ್ಮ ಗೋದಲಿಗೆ ಕುಂಕುಮ ಹಚ್ಚಿ ಹಸಿ ಹುಲ್ಲು ಹರವಿದರು. ಗೌಡ ಮುಂದೆ ಬಂದು, ತಲೆ ಓರೆ ಮಾಡಿ ಸಂದಿಯೊಳಗೆ ತೂರಿಸಿ ಮೇಯತೊಡಗಿತು. ನಾವು ಮೂವರೂ ನಕ್ಕೆವು. ಮೇದು ತಲೆ ಹಿಂದಕ್ಕೆಳೆದಾಗ ಕೊಂಬಿನ ಸುತ್ತು ಕಂಬಿಗೆ ಕೊಕ್ಕೆಯ ಹಾಗೆ ಸಿಕ್ಕಿತು. ಎಳೆದಷ್ಟೂ ಬಿಗಿಯಾಯಿತು. ಗಾಬರಿಗೆ ಇಡೀ ಗೋದಲಿಯನ್ನೇ ಅಲುಗಿಸತೊಡಗಿತು.

"ಹಿಡ್ಕಳ್ರೋ, ಹಿಡ್ಕಳ್ರೋ!" ಎಂದು ತಿಪ್ಪಮ್ಮ ಅದರ ಕುತ್ತಿಗೆ ತಬ್ಬಿಕೊಂಡರು. ಆ ಹೊತ್ತಿಗೆ ಊರಿನಲ್ಲಿ ಕರೆಂಟಿರಲಿಲ್ಲ. ಮಂಜಣ್ಣ ಆಟೋದಿಂದ ಗರಗಸ ತಂದು ಕೈಯಲ್ಲೇ ಕಂಬಿ ಕೊಯ್ಯತೊಡಗಿದರು. ನಾನು ಹಿಂದಿನ ಕಾಲು ಹಿಡಿದಿದ್ದೆ. ಕಂಬಿ ಅರ್ಧಕ್ಕೆ ಬಂದಿತ್ತು. ಗೌಡ ಒಮ್ಮೆ ಜೋರಾಗಿ ಜಗ್ಗಿತು. ಎಡಗೊಂಬು ಬುಡದಲ್ಲೇ ಮುರಿಯಿತು. ಆ ಸದ್ದನ್ನು ಸರಳ ಮಾಡಿ ಹೇಳಲು ನನಗೆ ಇನ್ನೂ ಬಂದಿಲ್ಲ.

ತಿಪ್ಪಮ್ಮ ಸೆರಗಿನಿಂದಲೇ ರಕ್ತ ಒತ್ತಿ ಹಿಡಿದು ಅರಿಶಿನ ತುಂಬಿದರು. ದನದ ಡಾಕ್ಟರು ಬಂದು ಜೀವಕ್ಕೆ ಭಯವಿಲ್ಲ ಎಂದು ಪಟ್ಟಿ ಕಟ್ಟಿ ಹೋದರು. "ತಪ್ಪು ನಂದೇ ಅಮ್ಮ. ಕೊಂಬು ಬಿಟ್ಟು ಅಳತೆ ನೋಡಿದ್ದೆ" ಎಂದೆ. ಅವರು ಸಿಟ್ಟಾಗಲಿಲ್ಲ. ಅರ್ಥವಾಗದವರಂತೆ ನನ್ನ ಮುಖ ನೋಡಿದರು. "ಕೊಂಬು ಇದ್ವಲ್ಲ ಸಾಹೇಬ್ರೇ. ನೀವೇ ಟೇಪ್ ಇಟ್ಟು ನೋಡಿದ್ರಲ್ಲ?"

ಇಂಥ ಹೊತ್ತಿನಲ್ಲಿ ಬುದ್ಧಿಯಿರುವವನು ಸುಮ್ಮನಿರುತ್ತಾನೆ. ನಾನು ಲ್ಯಾಪ್‌ಟಾಪ್ ತೆರೆದು ಪೂರ್ಣ ರೂಪ, ಸರಳ ರೂಪ ಎಂದು ವಿವರಿಸಲು ಹೊರಟೆ. ಪರದೆಯ ಮೇಲೆ ಗೌಡ ಎರಡೂ ಕೊಂಬು ಹೊತ್ತು ನಿಂತಿತು. ತಿಪ್ಪಮ್ಮ ಅರಿಶಿನದ ಬೆರಳಿನಿಂದ ಎಡಗೊಂಬನ್ನು ಮುಟ್ಟಿ, "ಇಲ್ಲಿ ಚೆಂದಾಗೈತೆ" ಎಂದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಮಂಜಣ್ಣ ಸಂದಿ ಅಗಲ ಮಾಡಿ, ಮೇಲೆ ಕಂಬಿಯಿಲ್ಲದಂತೆ ಬೇರೆ ಗೋದಲಿ ಮಾಡಿಸಿದರು. ಈ ಸಲ ಪೂರ್ಣ ರೂಪ ತೆರೆದು ಕೂತೆ, ಕಂಪ್ಯೂಟರು ತನ್ನ ಪಾಡಿಗೆ ಒದ್ದಾಡಲಿ ಎಂದು. ಗೋದಲಿ ಸರಿಹೋಯಿತು. ಗೌಡ ಸರಿಹೋಗಲಿಲ್ಲ. ಗಾಯ ಮಾಯಿತು, ಆದರೆ ತಲೆ ಒಂದು ಕಡೆಗೆ ವಾಲಿಸಿಕೊಂಡು ಮಂದೆಯ ಹಿಂದೆ ಹಿಂದೆ ಹೋಗುತ್ತಿತ್ತಂತೆ. ಮುಂದೆ ಈಗ ಬೇರೊಂದು ಟಗರು. "ನಾನ್ ಕರದ್ರೂ ಬರವಲ್ದು, ಗ್ವಾಡೆ ನೋಡ್ಕಂಡು ನಿಂತಿರ್ತೈತೆ" ಎಂದು ತಿಪ್ಪಮ್ಮ ಫೋನಿನಲ್ಲಿ ಹೇಳಿದರು. ಮನೆಯಲ್ಲಿ ಹೆಂಡತಿ "ಏನಂತೆ?" ಎಂದಳು. ಅವತ್ತು ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ, "ಹೋಗಿ ನೋಡ್ಕೊಂಡು ಬನ್ನಿ" ಎಂದಳು.

ಭಾನುವಾರ ಬಾಗೂರಿಗೆ ಹೋದೆ. ಕೈಯಲ್ಲಿ ಒಂದು ಕಟ್ಟು ಅಗಸೆ ಸೊಪ್ಪು. ಗೌಡ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ನಾನು ಹತ್ತಿರ ಹೋಗಿ, ಅಪರಾಧಿಯ ದನಿಯಲ್ಲಿ "ಗೌಡಾ" ಎಂದೆ. ಅದು ತಿರುಗಿತು. ನನ್ನನ್ನು ನೋಡಿತು. ಸೊಪ್ಪನ್ನು ನೋಡಲೇ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಬಿಟ್ಟ ಬಾಣದ ಹಾಗೆ ಬಂತು. ಒಂಟಿ ಕೊಂಬು ನನ್ನ ತೊಡೆಗೆ ಬಿದ್ದದ್ದಷ್ಟೇ ಗೊತ್ತು. ಆಮೇಲೆ ನಾನು ಪಕ್ಕದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲಿದ್ದೆ, ಒಂದು ಚಪ್ಪಲಿ ಕೆಳಗಿತ್ತು.

ತಿಪ್ಪಮ್ಮ ಓಡಿಬಂದರು. ನನ್ನನ್ನು ಇಳಿಸುವುದಕ್ಕೆ ಎಂದುಕೊಂಡೆ. ಅವರು ಗೌಡನ ಕುತ್ತಿಗೆ ತಬ್ಬಿಕೊಂಡು ಅಳುತ್ತ ನಗುತ್ತಿದ್ದರು. "ಅಯ್ಯೋ ನನ್ನಪ್ಪ! ಏಟ್ ದಿನ ಆಗಿತ್ತು ಇದು ಹಿಂಗೆ ಓಡಿ!" ಎಂದು, ಆಮೇಲೆ ನನ್ನ ಕಡೆ ತಲೆಯೆತ್ತಿ ಬಹಳ ಆಸೆಯಿಂದ ಹೇಳಿದರು: "ಸಾಹೇಬ್ರೇ, ನಿಮ್ ಕಾಲಿಗೆ ಬೀಳ್ತೀನಿ, ವಾರಕ್ಕೊಂದಪ ಬಂದು ಹೋಗ್ರಿ."

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಎಲ್ಲಿಗೆ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, ಕುರಿಗೆ ಸೊಪ್ಪು ಕೊಡಲು ಎಂದಷ್ಟೇ ಹೇಳುತ್ತೇನೆ.