ಸೀನಿಗೂ ಒಬ್ಬ ಡಾಕ್ಟರು

ನಮ್ಮ ಚಿಕ್ಕಮ್ಮನ ಮಗಳಷ್ಟು ಸೀನನ್ನು ಪ್ರೀತಿಸುವ ಜೀವ ಕೋಲಾರ ಜಿಲ್ಲೆಯಲ್ಲಿ ಇನ್ನೊಂದಿಲ್ಲ! ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ನಾವೆಲ್ಲ ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡುತ್ತೇವೆ. ಅವಳೂ ಒಳಗೆ ಬರುತ್ತಾಳೆ. ಆದರೆ ನೀರು ಕುಡಿಯಲಿಕ್ಕಲ್ಲ, ಸೀನಿದವರನ್ನು ವಿಚಾರಣೆ ಮಾಡಲಿಕ್ಕೆ. "ಬೆಳಗ್ಗೆ ಜಾಸ್ತೀನಾ, ಸಂಜೆ ಜಾಸ್ತೀನಾ? ಕಣ್ಣೂ ಕಡಿಯುತ್ತಾ? ಮನೇಲಿ ಬೆಕ್ಕು ಇದೆಯಾ?" ಇಷ್ಟು ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಒಂಟಿ ಸೀನು ಅಪಶಕುನ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಶ್ರೀನಿವಾಸಪುರದ ಅಜ್ಜಿ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಬೆಳೆದವರು. ನನಗಿಂತ ಅವಳು ಒಂದು ವರ್ಷಕ್ಕೆ ಚಿಕ್ಕವಳು. ಡಾಕ್ಟರಾಗಬೇಕು ಅಂತ ಮೊದಲು ಬಾಯಿಬಿಟ್ಟು ಹೇಳಿದವಳು ನಾನು. ಸೀಟು ಸಿಕ್ಕಿದ್ದು ಅವಳಿಗೆ. ನನಗೆ ಸಿಕ್ಕಿದ್ದು ಬಿ.ಎಡ್. ಹೊಟ್ಟೆಕಿಚ್ಚಾಯಿತಾ? ಆಯಿತು, ಸುಳ್ಳು ಯಾಕೆ ಹೇಳಲಿ! ಇವತ್ತಿಗೂ ಮುಳಬಾಗಿಲಿನ ಶಾಲೆಯಲ್ಲಿ ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಯುವಾಗ ನನ್ನ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತದೆ.

ಎಂ.ಡಿ. ಮುಗಿಸಿದ ಮೇಲೆ ಅವಳು ಹಾರ್ಟ್ ಓದುತ್ತಾಳೆ ಅಂತ ಎಲ್ಲರೂ ಕಾದಿದ್ದರು. ಅವಳು ಅಲರ್ಜಿ ಮತ್ತು ಇಮ್ಯುನಾಲಜಿ ಅಂದಳು. ಚಿಕ್ಕಮ್ಮ ಕೈಯಲ್ಲಿದ್ದ ಸೌಟು ಬಿಟ್ಟರು.

"ಅಯ್ಯೋ ದೇವುಡಾ! ಸೀನೋದಕ್ಕೂ ತುರಿಸ್ಕೊಳ್ಳೋದಕ್ಕೂ ಇನ್ನೂ ಓದ್ಬೇಕೇನೇ?"

"ಮೈಗೊಂದು ಕಾವಲು ಇರುತ್ತಮ್ಮ. ಕೆಲವರದ್ದು ದಾರಿ ತಪ್ಪಿ, ಬರೀ ಧೂಳನ್ನೂ ಕಳ್ಳ ಅಂದ್ಕೊಂಡು ಮೇಲೆ ಬೀಳುತ್ತೆ. ಅದನ್ನ ಸರಿ ಮಾಡೋ ಓದು ಇದು."

"ನಮ್ಮ ಬೀದಿ ನಾಯೀನೂ ಹಂಗೇ ಮಾಡುತ್ತೆ. ಅದಕ್ಕೆ ಯಾರು ಓದ್ಕೊಂಡು ಬಂದ್ರು?"

ನಾನು ಅಡುಗೆಮನೆಗೆ ಹೋಗಿ ಎರಡು ಚಮಚ ಸಕ್ಕರೆ ತಿಂದೆ. ಇಂಥ ಡಾಕ್ಟರ ಹತ್ತಿರ ಯಾರು ಬರುತ್ತಾರೆ? ನೊಣ ಹೊಡೆಯುತ್ತಾ ಕೂರಲಿ!

ತಮಿಳುನಾಡಿನಲ್ಲಿ ಓದುತ್ತಿದ್ದವಳು ಮಾವು ಹೂ ಬಿಡುವ ಕಾಲಕ್ಕೆ ರಜೆಯಲ್ಲಿ ಬಂದಳು. ಗಾಜಿನ ಪಟ್ಟಿಗಳಿಗೆ ವ್ಯಾಸಲೀನ್ ಸವರಿ, ನೀರಿನ ಟ್ಯಾಂಕಿನ ಮೇಲೆ ಜೋಡಿಸಿಟ್ಟಳು. ಗಾಳಿಯಲ್ಲಿ ಹಾರುವ ಪರಾಗ ಹಿಡಿಯುತ್ತಾಳಂತೆ! ಆ ಕಾಲದಲ್ಲಿ ಊರೆಲ್ಲ ಸೀನುತ್ತದೆ, ಸೀನಿ ಮಾವಿನ ಹೂವನ್ನು ಬಯ್ಯುತ್ತದೆ. ತೋಟವಿರುವ ನಮ್ಮ ಸೋದರಮಾವನಿಗೆ ಅದು ತಮ್ಮ ಮನೆಯವರನ್ನೇ ಬಯ್ದಷ್ಟು ಸಂಕಟ. ಇವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ತೀರ್ಪು ಕೊಟ್ಟಳು: "ಮಾವಿನ ಪರಾಗ ಅಂಟು, ಅಷ್ಟು ಸುಲಭಕ್ಕೆ ಹಾರಲ್ಲ. ನಿಮ್ಮ ಬೇಲಿ ಪಕ್ಕದ ಪಾರ್ಥೇನಿಯಂ ಕಿತ್ತು ಹಾಕಿ ಮಾಮ."

ಅವತ್ತಿನಿಂದ ಅವಳು ತೋಟದವರ ಪಾಲಿನ ದೇವತೆ. ವರ್ಷದ ಮೊದಲ ಬಾದಾಮಿ ಮಾವಿನ ಹಣ್ಣಿನ ಬುಟ್ಟಿ ಅವಳಿಗೆ. ಬೇಲಿ ಪಕ್ಕದ ಆ ಕಳೆ ಕಿತ್ತ ದಿನ ಕೈಯೆಲ್ಲಾ ದದ್ದು ಬರಿಸಿಕೊಂಡ ನನಗೆ ಉಪ್ಪಿನಕಾಯಿಯ ಮಾವು.

ಅವಳನ್ನು ನೋಡಲು ಸುಗಟೂರಿನಿಂದ ಗಂಡಿನವರು ಬಂದಾಗಲೂ ಅಷ್ಟೇ. ಗಂಡಿನ ತಂದೆ ಬಾಗಿಲಲ್ಲೇ ಸೀನಿದರು. ಒಂಟಿ ಸೀನು! ಚಿಕ್ಕಮ್ಮ ನೀರು ತರಲು ಓಡಿದರು. ಇವಳು ಕಾಫಿ ತಟ್ಟೆ ಹಿಡಿದೇ ಅವರೆದುರು ಕೂತುಬಿಟ್ಟಳು. "ರೇಷ್ಮೆ ಸಾಕ್ತೀರಲ್ವಾ? ಹುಳು ಗೂಡು ಕಟ್ಟೋ ಚಂದ್ರಿಕೆ ಝಾಡಿಸಿದ ದಿನ ಸೀನು ಜಾಸ್ತಿ ಅಲ್ವಾ?" ಅವರು ಮಗನ ಕಡೆ ತಿರುಗಿ, "ಇಷ್ಟು ವರ್ಷದಲ್ಲಿ ಇದನ್ನ ಒಬ್ರೂ ಕೇಳಿರ್ಲಿಲ್ಲ ಕಣೋ! ಈ ಹುಡುಗೀನೇ ಆಗ್ಬೇಕು," ಎಂದು ತಾಂಬೂಲಕ್ಕೆ ಕೈ ಚಾಚಿದರು. ನನ್ನನ್ನು ನೋಡಲು ಬಂದವರು ಹಾಡು ಹೇಳಿಸಿ, ಕೇಸರಿಬಾತು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅಂದವರು ಇನ್ನೂ ತಿಳಿಸುತ್ತಲೇ ಇದ್ದಾರೆ! ನನ್ನ ಯಜಮಾನರು ಆಮೇಲೆ ಸಿಕ್ಕಿದವರು.

ಈಗ ಮದುವೆಮನೆಗಳಲ್ಲಿ ಅವಳ ಸುತ್ತ ಜಾತ್ರೆ. ಒಬ್ಬರು ತೋಳು ತೋರಿಸುತ್ತಾರೆ, ಒಬ್ಬರು ಬೆನ್ನು. ಮಾಲೂರಿನ ಮದುವೆಯಲ್ಲಿ ಅತ್ತೆಯೊಬ್ಬರು ನನ್ನ ಹೊಸ ರೇಷ್ಮೆ ಸೀರೆಯ ಸೆರಗು ಹಿಡಿದೆಳೆದಾಗ, ಬಾರ್ಡರು ನೋಡುತ್ತಾರೇನೋ ಅಂತ ಹಿಗ್ಗಿದೆ. "ಸ್ವಲ್ಪ ಪಕ್ಕಕ್ಕೆ ಬಾರೇ, ಡಾಕ್ಟರ್ ಕಾಣಿಸ್ತಿಲ್ಲ," ಎಂದರು.

ನಾನೊಬ್ಬಳು ಮಾತ್ರ ಅವಳಿಗೆ ತೋಳು ತೋರಿಸಲಿಲ್ಲ. ನನಗೆ ಚಿಕ್ಕಂದಿನಿಂದ ಉಬ್ಬಸ. ಆದರೂ ಬೆಂಗಳೂರಿಗೆ ಹೋಗಿ ಯಾರಿಗೋ ತೋರಿಸಿ ಬರುತ್ತಿದ್ದೆ. ಸೋತವಳು ಗೆದ್ದವಳ ಮುಂದೆ ಉಸಿರಿಲ್ಲ ಅಂತ ನಿಲ್ಲಲು ಆಗುತ್ತದೆಯೇ?

ಕೋಲಾರದಲ್ಲಿ ಕ್ಲಿನಿಕ್ ತೆರೆದ ದಿನ ಅವಳು ಹಾರ ಹಾಕಿಕೊಂಡೇ ಮನೆಗೆ ಬಂದಳು. ಚಿಕ್ಕಮ್ಮ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಅಂತ ಅರ್ಥ. ಎಲ್ಲರೂ ಮೂಗು ಅರಳಿಸಿ ನಿಂತರು. ಘಾಟಿಲ್ಲ! "ಯಾವ ಪಾಪಿ ಕಣ್ಣೋ!" ಎಂದರು ಚಿಕ್ಕಮ್ಮ. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ರೋಷಕ್ಕೆ ಅವರು ಇನ್ನೊಂದು ಹಿಡಿ ಸುರಿದರು.

ಘಾಟು ಬಂತು. ಬಂದಿದ್ದು ನೇರವಾಗಿ ನನ್ನ ಎದೆಗೆ. ಉಸಿರು ಒಳಗೆ ಹೋಗಲೊಲ್ಲದು, ಹೊರಗೆ ಬರಲೊಲ್ಲದು. ನನ್ನ ಉಬ್ಬಸದ ಪಂಪು ಮುಳಬಾಗಿಲಿನ ಮನೆಯಲ್ಲಿ. ಅವಳು ಕೆಂಡದ ಬಾಣಲೆಯನ್ನು ಹಿತ್ತಲಿಗೆ ಎಸೆದು, ನನ್ನನ್ನು ಜಗುಲಿಗೆ ಎಳೆದು ಕೂರಿಸಿ, ತನ್ನ ಚೀಲದಿಂದ ಪಂಪು ತೆಗೆದು ಬಾಯಿಗಿಟ್ಟಳು. "ಎಳ್ಕೋ ಅಕ್ಕ. ಹಿಡ್ಕೋ. ಈಗ ಬಿಡು." ಅವಳ ಕೊರಳ ಹಾರ ನನ್ನ ಮುಖಕ್ಕೆ ತಾಗಿದ್ದೇ ತಡ, ಅದನ್ನೂ ಕಿತ್ತೆಸೆದಳು.

ಉಸಿರು ಮರಳಿದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಚಿಕ್ಕವರಿದ್ದಾಗ ನಿನ್ನ ಮೇಲೆ ನಂಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

"ನಿನಗಾ? ನನ್ನ ಮೇಲಾ?"

"ಹೂಂ. ಉಬ್ಬಸ ಬಂದ್ರೆ ಅಜ್ಜಿ ಮಡಿಲು ನಿಂಗೆ, ತಾತನ ಹೆಗಲು ನಿಂಗೆ, ಬಿಸಿ ಹಾಲು ನಿಂಗೆ. ನಾನು ಕನ್ನಡಿ ಮುಂದೆ ನಿಂತು ನಿನ್ನ ಹಾಗೇ ಉಸಿರೆಳೆಯೋದು ಕಲೀತಿದ್ದೆ. ಆವನಿ ಬೆಟ್ಟ ಹತ್ತುವಾಗ ಒಂದ್ಸಲ ನಿನ್ನ ತುಟಿ ನೀಲಿ ಆಯ್ತು ನೋಡು, ಅವತ್ತು ಬಿಟ್ಬಿಟ್ಟೆ. ಇದನ್ನ ಓದಲೇಬೇಕು ಅಂತ ಅವತ್ತೇ ಅನ್ಕೊಂಡೆ. ಈಗ ಊರೆಲ್ಲ ಬಂದು ತೋಳು ಚಾಚುತ್ತೆ. ನೀನೊಬ್ಬಳೇ ಬರಲ್ಲ."

"ಸೋಮವಾರ ಬರ್ತೀನಿ ಕಣೇ," ಎಂದೆ.

ಒಳಗೆ ಚಿಕ್ಕಮ್ಮ, ದೃಷ್ಟಿ ಅರ್ಧಕ್ಕೇ ನಿಂತಿತು ಅಂತ ಗೊಣಗುತ್ತಿದ್ದರು. ನಾನೆದ್ದು ಹಿಡಿ ಉಪ್ಪು ತಂದೆ. ಉಪ್ಪಿಗೆ ಘಾಟಿಲ್ಲವಲ್ಲ. ಅವಳನ್ನು ಎದುರಿಗೆ ಕೂರಿಸಿ ನಿವಾಳಿಸಿದೆ. ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು ಎಂದು ಎಲ್ಲರೂ ಹೇಳುವುದನ್ನೆಲ್ಲ ಹೇಳಿ, ಕೊನೆಗೆ ಅವಳಿಗಷ್ಟೇ ಕೇಳಿಸುವ ಹಾಗೆ "ಅಕ್ಕನ ಕಣ್ಣು" ಎಂದು ಸೇರಿಸಿ, ಉಪ್ಪನ್ನು ನೀರಿಗೆ ಹಾಕಿದೆ.