ಮನೆಗೆ ಬಂದ ಮರಿ ಯಂತ್ರ

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಗೆ ಚರಂಡಿ ಕೆಲಸಕ್ಕೆಂದು ದೊಡ್ಡದೊಂದು ಅಗೆಯುವ ಯಂತ್ರ ಬಂದು ನಿಂತಿತ್ತು. ಅದರ ಪಕ್ಕದಲ್ಲಿ ಅದೇ ಬಣ್ಣದ, ಅದೇ ಮುಖದ, ಅದರ ಮೊಣಕಾಲಿನಷ್ಟೆತ್ತರದ ಇನ್ನೊಂದು. ಅದು ಮರಿ ಎಂದು ನಾನು ತಿಳಿದೆ. (ತಪ್ಪೇನು? ಹಸುವಿನ ಪಕ್ಕ ಕರು ನಿಂತಿದ್ದರೆ ಯಾರಾದರೂ ದಾಖಲೆ ಕೇಳುತ್ತಾರೆಯೇ?) ದಿನವೂ ಶಾಲೆಯಿಂದ ಬರುವಾಗ ಗೇಣು ಹಾಕಿ ಅದರ ಎತ್ತರ ಅಳೆಯುತ್ತಿದ್ದೆ. ಒಂದು ಸಂಜೆ ನೋಡಿದರೆ ಚಿಕ್ಕದು ಮಾಯ, ದೊಡ್ಡವು ಎರಡು ನಿಂತಿವೆ. "ಅಮ್ಮಾ, ಮರಿ ಬೆಳೆದುಬಿಡ್ತು!" ಎಂದು ಕೂಗುತ್ತ ಮನೆಗೆ ಓಡಿದ್ದೆ.

ಮದುವೆಯಾದ ಹೊಸತರಲ್ಲಿ ಇದನ್ನು ಹೆಂಡತಿಗೆ ಹೇಳಿದೆ. ಗಂಡನ ಮುಗ್ಧತೆಗೆ ಕರಗಿ ನೀರಾಗುತ್ತಾಳೆ ಎಂದು ಎಣಿಸಿದ್ದೆ. ಅವಳು ಕರಗಲಿಲ್ಲ. ಎದ್ದು ಹೋಗಿ ಅವರಪ್ಪನಿಗೆ ಹೇಳಿದಳು.

ಅವರಪ್ಪ, ಅಂದರೆ ನನ್ನ ಮಾವ, ನಿವೃತ್ತ ಡ್ರಿಲ್ ಮಾಸ್ತರು. ಶಾಲೆ ಅವರನ್ನು ಬಿಟ್ಟರೂ ಕೊರಳಿನ ವಿಸಿಲ್ ಅವರನ್ನು ಬಿಟ್ಟಿಲ್ಲ. ನಾವಿರುವುದು ಅವರ ಮನೆಯಲ್ಲೇ. ಹೀಗಾಗಿ ನಾನು ಊಟಕ್ಕೆ ಏಳುವುದೂ ಕೆಲವೊಮ್ಮೆ ವಿಸಿಲ್ ಸದ್ದಿಗೇ. ಮನೆಯ ಹಿಂದಿನ ಜಾಗದಲ್ಲಿ ಹೆಂಡತಿ ಸಸಿ ಬೆಳೆಸಿ ಮಾರುತ್ತಾಳೆ: ಟೊಮೆಟೊ, ಬದನೆ, ಎಲೆಕೋಸು, ಎಲ್ಲ ಟ್ರೇಗಳಲ್ಲಿ, ನೆರಳು ಬಲೆಯ ಚಪ್ಪರದ ಕೆಳಗೆ. ಹೋದ ಮಳೆಗಾಲದಲ್ಲಿ ಮೇಲಿನ ಜಮೀನಿನ ನೀರೆಲ್ಲ ಇಳಿದು ಬಂದು ಚಪ್ಪರದೊಳಗೆ ಬಿಡಾರ ಹೂಡಿತು. ಬೇರು ಕೊಳೆತು, ಸಸಿ ಕೇಳಿದ್ದ ರೈತರೆಲ್ಲ ಬರಿಗೈಯಲ್ಲಿ ಹಿಂತಿರುಗಿದರು. ಈ ಸಲವೂ ಹಾಗಾದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

"ಮಳೆ ಬರೋದ್ರೊಳಗೆ ಯಾರನ್ನಾದ್ರೂ ಕರೆಸಿ, ಒಂದು ಕಾಲುವೆ ತೆಗೆಸಿಬಿಡಿ ರೀ," ಎಂದಳು. ಅಷ್ಟೇ ಅವಳು ಕೇಳಿದ್ದು.

ಬಾಡಿಗೆ ಯಂತ್ರದವನಿಗೆ ಫೋನ್ ಮಾಡಿದರೆ "ನಾಳೆ ಬಂದೆ ಸಾರ್" ಎನ್ನುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ. ಆಗ ನನ್ನ ತಲೆಯಲ್ಲಿ ಜ್ಞಾನೋದಯವಾಯಿತು.

"ಕರೆಸೋದು ಯಾಕೆ? ಸೆಕೆಂಡ್ ಹ್ಯಾಂಡ್ ಮಿನಿ ಎಕ್ಸ್‌ಕವೇಟರ್ ಒಂದು ಕೊಂಡುಬಿಡೋಣ. ಕಾಲುವೆ ತೆಗೀಬಹುದು, ಬೊಡ್ಡೆ ಕೀಳಬಹುದು, ಗೊಬ್ಬರದ ಗುಂಡಿ ತೋಡಬಹುದು..."

"ಓಡಿಸೋದು ಯಾರು?"

"ನಾನಿಲ್ವಾ?"

ಹೆಂಡತಿ ಅಂಗಳದ ಮೂಲೆಯಲ್ಲಿದ್ದ ತಳ್ಳುಗಾಡಿಯ ಕಡೆ ನೋಡಿದಳು. ಅದರ ಸೊಟ್ಟ ಚಕ್ರಕ್ಕೂ ನನಗೂ ಹಳೆಯ ಸಂಬಂಧ.

"ಚಿಕ್ಕದೇ ತಗೊಳ್ಳಿ ಅಳಿಯಂದಿರೇ," ಎಂದರು ಮಾವ, ಪೇಪರ್ ಹಿಂದಿನಿಂದ. "ನಾಲ್ಕು ಹೊತ್ತು ಡೀಸೆಲ್ ಕುಡಿಸಿದ್ರೆ ಮುಂದಿನ ವರ್ಷಕ್ಕೆ ದೊಡ್ಡದಾಗತ್ತೆ."

ಇಷ್ಟಾದ ಮೇಲೆ ಹಿಂದೆ ಸರಿಯುವ ಗಂಡಸು ನಾನಲ್ಲ. ನನ್ನ ಉದ್ಯೋಗವೂ ಅಂಥದ್ದೇ. ವಾಹನ ವಿಮೆಯ ಕಚೇರಿಯಲ್ಲಿ ಅಪಘಾತದ ಫೋಟೋಗಳನ್ನು ನೋಡಿ, ಟೀ ಹೀರುತ್ತ, ಕೆಳಗೆ 'ಚಾಲಕನ ತಪ್ಪು' ಎಂದು ಬರೆಯುವುದು. ಪರರ ತಪ್ಪು ಹಿಡಿಯುವ ಈ ದಿವ್ಯದೃಷ್ಟಿಗೆ ಹಳೆಯ ಯಂತ್ರವೊಂದು ಯಾವ ಲೆಕ್ಕ? ಬೈಕ್ ಮಾರಿದೆ. ಕಚೇರಿಗೆ ಬಸ್ಸಿನಲ್ಲಿ ನೇತಾಡುತ್ತ ಹೋಗಿಬರುವಾಗಲೂ ಯಂತ್ರ ಆರಿಸುವ ವಿಡಿಯೋಗಳನ್ನೇ ನೋಡಿದೆ. ಎಲ್ಲದರ ಸಾರ ಒಂದೇ: ಬಣ್ಣಕ್ಕೆ ಮರುಳಾಗಬೇಡಿ, ತಣ್ಣಗಿರುವ ಎಂಜಿನ್ ನೀವೇ ಚಾಲೂ ಮಾಡಿ, ಕೀಲು ಅಲುಗಾಡಿಸಿ, ಎಣ್ಣೆ ಸೋರಿಕೆ ನೋಡಿ. ಕೊನೆಗೆ ಮಾರುವವನ ಕಣ್ಣಲ್ಲಿ ಕಣ್ಣಿಟ್ಟು 'ಯಾಕೆ ಮಾರ್ತಿದೀರಿ?' ಎಂದು ಕೇಳಿ.

ಮೊದಲನೆಯ ಯಂತ್ರ ಮದುಮಗಳಂತೆ ಹೊಳೆಯುತ್ತಿತ್ತು. "ಒಬ್ಬರೇ ಓಡಿಸಿದ್ದು ಸಾರ್, ಅದೂ ಭಾನುವಾರ ಮಾತ್ರ," ಎಂದ ಕಪ್ಪು ಕನ್ನಡಕದ ವ್ಯಾಪಾರಿ. ಪರೀಕ್ಷಿಸಲೆಂದು ಅಂಗೈ ಇಟ್ಟೆ. ಅಂಗೈ ಹಳದಿಯಾಯಿತು.

"ಬಣ್ಣದ ಕೆಳಗೆ ಮೆಷಿನ್ ಇದೆಯಾ ಅಂತ ಒಂದ್ಸಲ ಕೇಳ್ಬಿಡಿ," ಎಂದಳು ಹೆಂಡತಿ.

ಎರಡನೆಯದರ ಎಂಜಿನ್ ನಾವು ಹೋಗುವಷ್ಟರಲ್ಲೇ ಬಿಸಿಯಾಗಿತ್ತು. "ನೀವು ಬರ್ತೀರಿ ಅಂತ ಬೆಚ್ಚಗೆ ಮಾಡಿಟ್ಟಿದ್ದೆ," ಎಂದ ಮಾರುವವನು.

"ಮೆಷಿನ್ನೋ, ಸ್ನಾನದ ನೀರೋ?" ಎಂದಳು ಇವಳು. ಅಲ್ಲಿಂದಲೂ ಹೊರಟೆವು.

ಮೂರನೆಯದು ಇಟ್ಟಿಗೆ ಗೂಡಿನ ಯಜಮಾನರದ್ದು. ಬಣ್ಣ ಮಾಸಿತ್ತು, ಆದರೆ ಕೀಲುಗಳು ಗಟ್ಟಿ, ಎಣ್ಣೆಯ ಒಂದು ಹನಿ ಇಲ್ಲ, ತಣ್ಣಗಿದ್ದ ಎಂಜಿನ್ ಒಂದೇ ತಿರುವಿಗೆ ಗುಡುಗಿತು. ನಾನು ಮಹಾಪ್ರಶ್ನೆ ಎಸೆದೆ: "ಯಾಕೆ ಮಾರ್ತಿದೀರಿ?"

ಯಜಮಾನರು ಆಕಾಶ ನೋಡಿದರು. "ಜಾಗ ಸಾಲ್ದು ಸಾರ್."

ನಾವು ನಿಂತಿದ್ದ ಅಂಗಳದಲ್ಲಿ ಎರಡು ಕ್ರಿಕೆಟ್ ಪಂದ್ಯ ಒಟ್ಟಿಗೇ ಆಡಬಹುದಿತ್ತು. ಮೂಲೆಯಲ್ಲಿ ಅವರ ಅಳಿಯ ಕೈಗೆ ಕಟ್ಟು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೂತಿದ್ದ. ಅವನ ಹಿಂದಿನ ಗೋಡೆಯ ಅರ್ಧ ಭಾಗ ಹೊಚ್ಚ ಹೊಸದು. ಹೆಂಡತಿ ನನ್ನನ್ನು ಜಿಗುಟಿದಳು. ಅಪಘಾತಗಳ ಪರಿಣತನಾದ ನಾನು ಅದನ್ನು ಸಮ್ಮತಿ ಎಂದು ತಿಳಿದು ಕೈ ಕುಲುಕಿಬಿಟ್ಟೆ.

"ಎರಡು ದಿನ ಬಂದು ಕೂತ್ಕೊಳ್ಳಿ, ಓಡಿಸೋದು ಹೇಳ್ಕೊಡ್ತೀನಿ," ಎಂದರು ಯಜಮಾನರು.

"ಬೇಡ ಬೇಡ, ಎಲ್ಲಾ ವಿಡಿಯೋದಲ್ಲಿ ನೋಡಿದೀನಿ," ಎಂದೆ. ಅಳಿಯ ಮೊದಲ ಬಾರಿಗೆ ತಲೆಯೆತ್ತಿ, ಕಳೆದುಹೋದ ತಮ್ಮನನ್ನು ಕಂಡವನಂತೆ ನನ್ನನ್ನು ನೋಡಿದ.

ಕಾಲುವೆ ತೆಗೆಯುವ ದಿನ ಬೆಳಿಗ್ಗೆ ಟವೆಲ್ ತರಲು ಮಲಗುವ ಕೋಣೆಗೆ ಹೋದರೆ, ಮಂಚದ ತುಂಬ ಸಸಿಯ ಟ್ರೇಗಳು. ನನ್ನ ದಿಂಬಿನ ಮೇಲೆ ಬದನೆ.

"ಇದೇನೇ ಇದು?"

"ಅವಕ್ಕೆ ಸ್ವಲ್ಪ ಹವಾ ಬದಲಾವಣೆ," ಎಂದಳು. ಸಸಿಗಳ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ಎಂದು ಮೆಚ್ಚಿಕೊಂಡೆ.

ಮಾವ ಬಿಳಿ ಬೂಟು ತೊಟ್ಟು ಸಿದ್ಧರಾಗಿದ್ದರು. "ಎರಡು ವಿಸಿಲ್ ಅಂದ್ರೆ ಮುಂದೆ, ಮೂರು ಅಂದ್ರೆ ಹಿಂದೆ, ಉದ್ದದ್ದು ಒಂದು ಊದಿದ್ರೆ ನಿಲ್ಸಿ. ಪರೇಡ್ ಯಾವತ್ತೂ ಗೇಟಿಂದ ಶುರು!" ನಾನೂ ಒಪ್ಪಿದೆ. ಯಂತ್ರವನ್ನು ಗೇಟಿನೊಳಗೆ ತಂದು ನಿಲ್ಲಿಸಿ, ಗೇಟಿನ ಮುಂದೆಯೇ ಅಡ್ಡಲಾಗಿ ಅಗೆಯತೊಡಗಿದೆ. ಅಲ್ಲಿಂದ ಬೇಲಿಯುದ್ದಕ್ಕೂ ಹಿಂದೆ ಸರಿಯುತ್ತ, ಚಪ್ಪರದ ತನಕ. ನಿಜ ಹೇಳುತ್ತೇನೆ, ಕಾಲುವೆ ಬಹಳ ಸೊಗಸಾಗಿ ಬಂತು. ನನ್ನೊಳಗೆ ಇಷ್ಟು ವರ್ಷ ಒಬ್ಬ ಮಹಾಶಿಲ್ಪಿ ಅಡಗಿ ಕೂತಿದ್ದನೆಂದು ನನಗೇ ಗೊತ್ತಿರಲಿಲ್ಲ.

ಕೊನೆಯ ಬಕೆಟ್ ಮಣ್ಣನ್ನು ಸುರಿಯಲು ಯಂತ್ರವನ್ನು ಚಪ್ಪರಕ್ಕೆ ಮುಖ ಮಾಡಿ ನಿಲ್ಲಿಸಿ, ನಾನು ಕೂತಿದ್ದ ಮೇಲ್ಭಾಗವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಯಂತ್ರದ ಸೊಂಟ ತಿರುಗುತ್ತದೆ, ಕಾಲು ತಿರುಗುವುದಿಲ್ಲ. ಅಂದರೆ ಆಗ ಲಿವರ್ ಮುಂದೆ ತಳ್ಳಿದರೆ ಅದು ಹಿಂದೆ ಹೋಗುತ್ತದೆ. ವಿಡಿಯೋದವನು ಇದನ್ನು ಹೇಳುವಷ್ಟರಲ್ಲಿ ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದಿತ್ತೆಂದು ಕಾಣುತ್ತದೆ.

ಮಾವ ಎರಡು ವಿಸಿಲ್ ಊದಿದರು. ಮುಂದೆ ತಳ್ಳಿದೆ. ಯಂತ್ರ ಹಿಂದೆ ಹೊರಟಿತು. ಅವರು ಇನ್ನೂ ಜೋರಾಗಿ ಎರಡು ಊದಿದರು. ಹಿರಿಯರ ಮಾತು ಮೀರಬಾರದೆಂದು ನಾನೂ ಇನ್ನೂ ಜೋರಾಗಿ ತಳ್ಳಿದೆ. ಬೆನ್ನ ಹಿಂದೆ ಲಟಲಟ ಎಂದು ಕಂಬ ಮುರಿಯಿತು, ಬಲೆ ಹರಿಯಿತು. ನಿಲ್ಲಿಸುವ ವಿಸಿಲ್ ಮಾತ್ರ ಮಾವನಿಗೆ ಮರೆತೇ ಹೋಗಿತ್ತು.

"ಕೈ ಬಿಡ್ರೀ!" ಹೆಂಡತಿಯ ಕೂಗು. ಬಿಟ್ಟೆ. ಯಂತ್ರ ನಿಂತಿತು. ಅದರ ಅಡಿಯಲ್ಲಿ ಚಪ್ಪರ ಹಪ್ಪಳವಾಗಿತ್ತು.

ಇಳಿದು ಬಂದೆ. "ಸಸಿಗಳು..." ಎಂದು ತೊದಲಿದೆ.

"ಮಂಚದ ಮೇಲಿವೆ," ಎಂದಳು ತಣ್ಣಗೆ. ಹವಾ ಬದಲಾವಣೆಯ ಅರ್ಥ ನನಗೆ ಆಗ ಆಯಿತು.

ಮಾರನೆಯ ದಿನವೇ ಮಳೆ ಸುರಿಯಿತು. ಮೇಲಿನ ಜಮೀನಿನ ನೀರು ಬಂದು, ನಮ್ಮ ಕಾಲುವೆಗೆ ಇಳಿದು, ಬಾಗಿಲು ತಟ್ಟದೆ ರಸ್ತೆಯ ಮೋರಿ ಸೇರಿತು. ಹಿತ್ತಲಲ್ಲಿ ಹನಿ ನಿಲ್ಲಲಿಲ್ಲ. ನನ್ನ ಎದೆ ಉಬ್ಬಿತು.

"ನೋಡಿದ್ಯಾ?"

"ನೋಡ್ದೆ. ಸೊಗಸಾಗಿದೆ. ಈಗ ಆ ಮೆಷಿನ್ ಗೇಟಿಂದಾಚೆ ತಗೊಂಡ್ಹೋಗಿ, ಚಪ್ಪರ ಹಾಕೋಕೆ ಜಾಗ ಬೇಕು."

ಗೇಟಿನ ಕಡೆ ನೋಡಿದೆ. ಗೇಟಿಗೂ ಯಂತ್ರಕ್ಕೂ ನಡುವೆ ನನ್ನ ಸೊಗಸಾದ ಕಾಲುವೆ ಹರಿಯುತ್ತಿತ್ತು. ಯಂತ್ರ ಆಚೆ ಹೋಗಬೇಕಾದರೆ ಕಾಲುವೆ ಮುಚ್ಚಬೇಕು. ಕಾಲುವೆ ಮುಚ್ಚಿದರೆ ಸಸಿ ಕೊಳೆಯಬೇಕು. ನಾನು ಆ ಮರಿಯನ್ನು ಗೂಡಿನೊಳಗೇ ಇಟ್ಟು ಕೋಟೆ ಕಟ್ಟಿಬಿಟ್ಟಿದ್ದೆ.

"ಮಳೆಗಾಲ ಮುಗಿಯೋವರೆಗೂ ಅಲ್ಲೇ ಮೇಯ್ಲಿ ಬಿಡಿ," ಎಂದರು ಮಾವ. ಗೇಟಿನಿಂದ ಶುರು ಮಾಡಿಸಿದ್ದು ಯಾರೆಂಬುದು ಅವರಿಗೆ ಸಂಪೂರ್ಣ ಮರೆತುಹೋಗಿತ್ತು.

ಕಾಲುವೆಗೆ ಅಡ್ಡಲಾಗಿ ಹಲಗೆಯೊಂದನ್ನು ಹಾಕಿದೆವು. ರೈತರು ಅದರ ಮೇಲೆ ನಡೆದು ಬಂದು, ನನ್ನ ಮಂಚದಿಂದ ಸಸಿ ಕೊಂಡುಹೋದರು. ಒಂದೂ ಕೊಳೆತಿರಲಿಲ್ಲ. ಮುಂದಿನ ಸಲಕ್ಕೂ ಬೇಕೆಂದು ಹೇಳಿಯೇ ಹೋದರು. ಅವಳ ಮುಖ ಅರಳಿತು. ಆ ಅರಳಿದ ಮುಖದಲ್ಲೇ, ಯಂತ್ರ ಮಾರಿಬಿಡೋಣ ಎಂದಳು.

ಕೊಳ್ಳಲು ಬಂದವರು ಹಣ್ಣಿನ ತೋಟದ ಯಜಮಾನರೊಬ್ಬರು. ಅವರೂ ಅದೇ ವಿಡಿಯೋ ನೋಡಿದ್ದರೆಂದು ಕಾಣುತ್ತದೆ. ಹಲಗೆ ದಾಟಿ ಬಂದವರೇ ಬಣ್ಣ ಕೆರೆದರು, ಎಂಜಿನ್ ಮುಟ್ಟಿದರು, ಕೀಲು ಅಲುಗಾಡಿಸಿದರು, ಹೊಟ್ಟೆಯ ಕೆಳಗೆ ಬಗ್ಗಿ ಎಣ್ಣೆ ಹುಡುಕಿದರು. ದಪ್ಪ ತೊಲೆ ತಂದು ಕಾಲುವೆ ದಾಟಿಸಿಕೊಳ್ಳುವ ಹೊಣೆ ತಮ್ಮದೇ ಎಂದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನನ್ನ ಕಣ್ಣಲ್ಲಿ ಕಣ್ಣಿಟ್ಟರು.

"ಮೆಷಿನ್ ಬಂಗಾರದ ಹಾಗಿದೆ. ಇಷ್ಟು ಬೇಗ ಯಾಕೆ ಮಾರ್ತಿದೀರಿ? ಏನು ಕೆಟ್ಟಿದೆ, ನಿಜ ಹೇಳ್ಬಿಡಿ."

ನಾನು ಆಕಾಶ ನೋಡಿದೆ. "ಅದು... ಜಾಗ ಸ್ವಲ್ಪ..."

"ಮೆಷಿನ್ ಏನೂ ಕೆಟ್ಟಿಲ್ಲ ಸಾರ್," ಎಂದಳು ಹೆಂಡತಿ. "ಓಡಿಸೋರನ್ನ ಮಾರಕ್ಕಾಗಲ್ಲ, ಅದಕ್ಕೆ ಇದನ್ನ ಮಾರ್ತಿದೀವಿ."